ವಾಡಿಯ ಹುಡುಗನ ಎರಡು ಬರಹಗಳು

ಲಿಂಕ್ಡ್‌ಇನ್‌ನಲ್ಲಿ ಹಾಕಿದ ಮೊದಲನೆಯ ಬರಹದಲ್ಲಿರುವುದು ಸಿಮೆಂಟ್ ಕಾರ್ಖಾನೆಯ ಒಂದು ರಾತ್ರಿ ಪಾಳಿಯ ಸಂಗತಿ. ಮಳೆಗಾಲ. ಕಲ್ಲಿದ್ದಲು ತೊಯ್ದು ಬಂದಿದೆ, ಕಿಲ್ನ್‌ನ, ಅಂದರೆ ಸುಣ್ಣಕಲ್ಲು ಸುಡುವ ಕುಲುಮೆಯ, ಜ್ವಾಲೆ ಸೊರಗಿದೆ. ಎರಡು ಗಂಟೆಗೆ ತೆಗೆದ ಕ್ಲಿಂಕರ್ (ಕಿಲ್ನ್‌ನಲ್ಲಿ ಸುಟ್ಟು ಗುಂಡಾಗಿ ಬಂದದ್ದು) ಸ್ಯಾಂಪಲ್‌ನಲ್ಲಿ ಫ್ರೀ ಲೈಮ್, ಅಂದರೆ ಕೂಡಿಕೊಳ್ಳದೆ ಉಳಿದ ಸುಣ್ಣ, ಶೇ 2 ದಾಟಿದೆ, ಲೀಟರ್ ತೂಕ 1,100 ಗ್ರಾಮಿಗೆ ಇಳಿದಿದೆ. ಲ್ಯಾಬಿನ ವರದಿ ಕಂಟ್ರೋಲ್ ರೂಮ್ ಮುಟ್ಟುವುದಕ್ಕೆ ಮುಂಚೆಯೇ ಕಿಲ್ನ್ ನಡೆಸುವ, ಶಹಾಬಾದ್ ಕಡೆಯ ಹಿರಿಯ ಬರ್ನರ್ ಒಬ್ಬರು ಕ್ಲಿಂಕರ್‌ನ ಒಂದು ಗುಂಡು ಆರಿಸಿ, ಸುತ್ತಿಗೆಯಿಂದ ಒಡೆದು, ಒಳಗಿನ ಬಣ್ಣ ನೋಡಿ, 'ಒಳಗ ಇನ್ನೂ ಹಸಿ ಅದ, ಫೀಡ್ ಇಳಸ್ರಿ' ಅಂದಿದ್ದಾರೆ. ಲ್ಯಾಬಿನ ಅಂಕಿ ಅರ್ಧ ಗಂಟೆ ತಡವಾಗಿ ಅದನ್ನೇ ಹೇಳಿದೆ. ಬರೆದ ಹುಡುಗ ಕೊನೆಗೆ ಒಂದು ಪ್ರಶ್ನೆ ಕೇಳಿದ್ದಾನೆ: ಒಳಗಿನ ಬಣ್ಣ ನೋಡಿ ಫ್ರೀ ಲೈಮ್ ಅಂದಾಜು ಮಾಡುವುದನ್ನು ಬೇರೆ ಕಾರ್ಖಾನೆಗಳಲ್ಲಿ ಯಾರಾದರೂ ಬರೆದಿಟ್ಟಿದ್ದಾರೆಯೇ? ಬರಹದ ಇಂಗ್ಲಿಷ್ ತಪ್ಪುತಪ್ಪಾಗಿದೆ. ಏಕವಚನ ಇರಬೇಕಾದಲ್ಲಿ ಬಹುವಚನ, ಭೂತಕಾಲ ಇರಬೇಕಾದಲ್ಲಿ ವರ್ತಮಾನ. ಆದರೂ ಹೇಳಿದ್ದು ಪೂರ್ತಿ ತಿಳಿಯುತ್ತದೆ.

ಎರಡನೆಯ ಬರಹ ಒಂದು ವರ್ಷದ ನಂತರದ್ದು. ಸಿಮೆಂಟ್ ಕಿಲ್ನ್ ತನಗೆ ಕಲಿಸಿದ ನಾಯಕತ್ವದ ಐದು ಪಾಠಗಳು ಎಂಬುದು ಅದರ ತಲೆಬರಹ. ಒಂದೊಂದು ವಾಕ್ಯಕ್ಕೂ ಒಂದೊಂದು ಪ್ಯಾರಾ. ಬೆಂಕಿಯ ಒತ್ತಡದಲ್ಲಿಯೇ ಸುಣ್ಣಕಲ್ಲು ಬಲಿಷ್ಠವಾಗುತ್ತದೆ, ಮನುಷ್ಯನೂ ಹಾಗೆಯೇ ಎಂಬ ಮಾತು. ನಡುನಡುವೆ ರಾಕೆಟ್‌ಗಳ ಚಿತ್ರ. ಕೊನೆಗೆ, ನಿಮ್ಮ ಬದುಕಿನ ಕಿಲ್ನ್ ಯಾವುದು ಎಂಬ ಪ್ರಶ್ನೆ. ಇಂಗ್ಲಿಷ್‌ನಲ್ಲಿ ಒಂದೇ ಒಂದು ತಪ್ಪಿಲ್ಲ. ಯಾವ ಪಾಳಿ, ಯಾವ ಕಿಲ್ನ್, ಏನಾಯಿತು, ಯಾರಿದ್ದರು, ಯಾವುದೂ ಇಲ್ಲ. ಮೊದಲನೆಯದಕ್ಕೆ ಸಿಕ್ಕ ಮೆಚ್ಚುಗೆಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದಿತ್ತು. ಎರಡನೆಯದಕ್ಕೆ ನೂರಾರು ಬಂದವು.

ಈ ಹುಡುಗನ ಹೆಸರು ಕೇಳಬೇಡಿ. ಅವನು ಒಬ್ಬನಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಲವರ ಲಿಂಕ್ಡ್‌ಇನ್ ಪುಟಗಳನ್ನು ಓದಿ, ಅವರಲ್ಲಿ ಸಮಾನವಾಗಿ ಕಂಡದ್ದನ್ನು ಕೂಡಿಸಿ ಒಬ್ಬನನ್ನು ಮಾಡಿ ನಿಮ್ಮ ಮುಂದೆ ನಿಲ್ಲಿಸಿದ್ದೇನೆ. ಇವನನ್ನು ವಾಡಿಯ ಹುಡುಗ ಎಂದು ಕರೆಯೋಣ. ಈ ಭಾಗದಿಂದ ದೂರ ಹೋಗುವ ಹಲವರು ವಾಡಿಯ ಜಂಕ್ಷನ್ ದಾಟಿಯೇ ಹೋಗುತ್ತಾರೆ.

ಕಾಗಿಣಾ ನದಿಯ ಅಕ್ಕಪಕ್ಕದ ಈ ನೆಲದ ಕೆಳಗೆ ಸುಣ್ಣಕಲ್ಲು ಹಾಸಿದೆ. ಅದಕ್ಕೇ ಇಲ್ಲಿ ಫರ್ಸಿ ಕಲ್ಲಿನ ಗಣಿಗಳು, ಅದಕ್ಕೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು. ಮೇಲೆ ತೊಗರಿ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಹೈದರಾಬಾದಿಗೆ ಹೋಗುವ ರೈಲು ದಾರಿಯ ಮೇಲೆ ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸಾಲಾಗಿ ಕೂತಿವೆ. ಶಹಾಬಾದ್ ಮುಂಬೈ ದಾರಿಯ ಮೇಲಿದೆ. ಚಿಂಚೋಳಿಗೆ ರೈಲಿಲ್ಲ. ಕಾರ್ಖಾನೆ ಊರ ಪಕ್ಕದಲ್ಲೇ ಇದ್ದರೂ ಅದರ ಗೇಟಿನೊಳಗೆ ಹೋಗುವ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಳಗೆ ಮಾವನೋ ಅಣ್ಣನೋ ಇದ್ದರೆ ಹೋಗಬಹುದಿತ್ತು, ಗುತ್ತಿಗೆದಾರ ತನ್ನ ಜಾತಿಯವನಾಗಿದ್ದರೆ ಹೋಗಬಹುದಿತ್ತು, ಜಮೀನು ಕೊಟ್ಟವರ ಮಗ ಎಂಬ ಕಾಗದವಿದ್ದರೆ ಹೋಗಬಹುದಿತ್ತು. 'ಹುಡುಗ ಛಲೋ ಅದಾನ, ನಾ ಹೇಳ್ತೀನಿ ತಗೋರಿ' ಎಂಬ ಒಂದು ಮಾತು ಡಿಪ್ಲೊಮಾ ಅಂಕಪಟ್ಟಿಗಿಂತ ತೂಕದ್ದಾಗಿತ್ತು. ಆ ಮಾತಿಗೆ ಒಂದು ಬೆಲೆಯೂ ಇತ್ತು ಎನ್ನುವುದನ್ನು ಒಪ್ಪಬೇಕು. ಹುಡುಗ ಕೆಲಸ ಕೆಡಿಸಿದರೆ ಹೇಳಿದವನ ಮಾನ ಹೋಗುತ್ತಿತ್ತು. ಆದ್ದರಿಂದ ಯೋಚಿಸಿ ಹೇಳುತ್ತಿದ್ದರು. ಆದರೆ ಹೇಳುವವರೇ ಇಲ್ಲದ ಹುಡುಗ ಏನು ಮಾಡಬೇಕಿತ್ತು? ಬೇಲಿಯ ಹೊರಗೆ ನಿಂತು ಲಾರಿ ತುಂಬುತ್ತಿದ್ದ.

ಲಿಂಕ್ಡ್‌ಇನ್‌ನಂತಹ ತಾಣ ಈ ಭಾಗಕ್ಕೆ ಏನು ಮಾಡಿತು ಎಂಬುದನ್ನು ಇಲ್ಲಿಂದ ನೋಡಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೆ ಅದು ಇನ್ನೊಂದು ಅನುಕೂಲ. ಚಿಂಚೋಳಿ ತಾಲ್ಲೂಕಿನ ತಾಂಡಾದಿಂದ ಬಂದು ಸಿಮೆಂಟ್ ಲ್ಯಾಬಿನಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹುಡುಗನಿಗೆ, ಒಳಗೆ ಮಾವ ಇಲ್ಲದೆಯೂ ತನ್ನ ಕೆಲಸವನ್ನು ರಾಜಸ್ಥಾನದ, ಆಂಧ್ರದ, ಒಮಾನ್‌ನ ಪ್ಲಾಂಟ್ ಮ್ಯಾನೇಜರಿಗೆ ತೋರಿಸಬಹುದಾದ ಮೊದಲ ಕಿಟಕಿ. 2003ರ ಮೇನಲ್ಲಿ ಶುರುವಾದ, 2016ರಲ್ಲಿ ಮೈಕ್ರೊಸಾಫ್ಟ್ ಕೊಂಡ ಆ ತಾಣದಲ್ಲಿ 2023ರ ಹೊತ್ತಿಗೆ ಜಗತ್ತಿನ ನೂರು ಕೋಟಿ ಸದಸ್ಯರಿದ್ದರು. ಭಾರತದವರೇ ಹತ್ತು ಕೋಟಿಗೂ ಹೆಚ್ಚು. ಆ ಗುಂಪಿನಲ್ಲಿ ನಮ್ಮ ಹುಡುಗನ ಮೊದಲ ಬರಹವನ್ನು ಓದಿದ ಕೆಲವೇ ಜನರಲ್ಲಿ ಒಬ್ಬರು ನಿವೃತ್ತ ಕಿಲ್ನ್ ಎಂಜಿನಿಯರ್. ಅವರು ಎರಡು ಸಾಲು ಉತ್ತರ ಬರೆದಿದ್ದರು, ಗುಂಡಿನ ಒಳಬಣ್ಣ ಕಂದಾಗಿದ್ದರೆ ಬೇರೆ ಏನೇನು ಕಾರಣ ಇರಬಹುದೆಂದು. ಇನ್ನೊಬ್ಬರು ಅವನ ವ್ಯಾಕರಣ ತಿದ್ದಿ ನಗುವ ಮುಖ ಹಾಕಿದ್ದರು. ಹುಡುಗನ ಮನಸ್ಸಿನಲ್ಲಿ ಉಳಿದದ್ದು ಆ ನಗುವ ಮುಖ.

ಆ ಮೇಲೆ ಅವನು ಯಂತ್ರದ ಮೊರೆ ಹೊಕ್ಕ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದಿತ್ತು, ಒಂದೆರಡು ವರ್ಷದಲ್ಲಿ ಅಂಥವು ಎಲ್ಲರ ಮೊಬೈಲಿನಲ್ಲೂ ಇದ್ದವು. ಮೊದಲು ವ್ಯಾಕರಣ ತಿದ್ದಿಸಿದ. ಆಮೇಲೆ ವಾಕ್ಯ ಬರೆಸಿದ. ಆಮೇಲೆ ವಿಷಯವನ್ನೇ ಕೇಳಿದ: ಸಿಮೆಂಟ್ ಬಗ್ಗೆ ಜನ ಮೆಚ್ಚುವಂಥ ಒಂದು ಪೋಸ್ಟ್ ಬರೆದುಕೊಡು. ಮೂರನೆಯ ಹೆಜ್ಜೆಯಲ್ಲಿ ಅವನ ರಾತ್ರಿ ಪಾಳಿ ಬರಹದಿಂದ ಹೊರಬಿತ್ತು, ಹಿರಿಯ ಬರ್ನರ್ ಹೊರಬಿದ್ದರು, ತೊಯ್ದ ಕಲ್ಲಿದ್ದಲು ಹೊರಬಿತ್ತು. ಕೊನೆಗೆ ಅವನೂ ಹೊರಬಿದ್ದ.

ಹೀಗೆ ಯಂತ್ರದಿಂದ ಬರೆಸಿದ ಅವನ ಇನ್ನೊಂದು ಬರಹ ಬದಲಿ ಇಂಧನದ ಕುರಿತಾಗಿತ್ತು. ಕಲ್ಲಿದ್ದಲಿನ ಬದಲು ನಗರದ ಒಣಕಸ, ಟೈರ್‌ಚೂರು ಸುಡುವುದರಿಂದ ಏನು ಲಾಭ ಎಂಬುದು. ಬೇರೆ ರಾಜ್ಯದ ಕಾರ್ಖಾನೆಯೊಂದು ಅದನ್ನು ನೋಡಿಯೇ ವಿಡಿಯೊ ಸಂದರ್ಶನಕ್ಕೆ ಕರೆಯಿತು. ಕಸದ ಜೊತೆ ಕ್ಲೋರಿನ್ ಒಳಗೆ ಬಂದಾಗ ಪ್ರೀಹೀಟರ್‌ನಲ್ಲಿ ಏನಾಗುತ್ತದೆ ಎಂದು ಅವರು ಕೇಳಿದರು. ಪ್ರೀಹೀಟರ್‌ನ ಸೈಕ್ಲೋನ್ ಕಟ್ಟಿಕೊಳ್ಳುತ್ತದೆ ಎಂಬುದು ಉತ್ತರ, ಹಾಗೆ ಕಟ್ಟಿಕೊಂಡಾಗ ಏನಾಗುತ್ತದೆಂದು ನಮ್ಮ ಹುಡುಗನಿಗೆ ಮೈಯೆಲ್ಲ ಗೊತ್ತು. ಎಂಟುನೂರು ಡಿಗ್ರಿ ಕಾಯ್ದ ಪುಡಿ ಯಾವ ಗಳಿಗೆಯಲ್ಲಾದರೂ ಮೈಮೇಲೆ ಸುರಿಯಬಹುದೆಂಬ ಭಯದಲ್ಲಿ ಅದನ್ನು ಬಿಡಿಸುವವರ ಪಕ್ಕ ನಿಂತಿದ್ದಾನೆ. ಆದರೆ ಅವನ ಪ್ಲಾಂಟ್‌ನಲ್ಲಿ ಆ ಇಂಧನ ಸುಟ್ಟಿರಲಿಲ್ಲ. ಬರೆದದ್ದನ್ನು ಅವನೇ ಗಮನವಿಟ್ಟು ಓದಿರಲಿಲ್ಲ. ತಡವರಿಸಿದ. ಗೊತ್ತಿದ್ದದ್ದನ್ನೂ ಹೇಳಲಾರದೆ ಹೋದ. ಎದುರಿಗಿದ್ದವರು ಅವನಿಗೆ ಏನೂ ಬಾರದು ಎಂದು ತಿಳಿದರು. ತನ್ನದಲ್ಲದ ಜಾಣತನವನ್ನು ಹೊತ್ತುಕೊಂಡು ಹೋಗಿ ತನ್ನದೇ ಆದ ಜಾಣತನವನ್ನು ಕಳೆದುಕೊಂಡು ಬಂದ. ಈ ಪ್ರಕರಣದಲ್ಲಿ ನನಗೆ ಅತ್ಯಂತ ನೋವು ಕೊಡುವ ಭಾಗ ಇದೇ.

ಹೀಗೆ ಯಂತ್ರದಿಂದ ಬರೆಸುವುದು ಒಬ್ಬನ ಚಟವಲ್ಲ. 2024ರ ಅಕ್ಟೋಬರ್‌ವರೆಗಿನ ಬರಹಗಳನ್ನು ಪರಿಶೀಲಿಸಿದ ಒರಿಜಿನಾಲಿಟಿ ಡಾಟ್ ಎಐ ಎಂಬ ಕಂಪನಿ, ಲಿಂಕ್ಡ್‌ಇನ್‌ನ ನೂರು ಪದ ಮೀರಿದ ಇಂಗ್ಲಿಷ್ ಬರಹಗಳಲ್ಲಿ ಶೇ 54ರಷ್ಟು ಯಂತ್ರ ಬರೆದಿರುವ ಸಾಧ್ಯತೆಯಿದೆ ಎಂದು ಹೇಳಿತು. ಆ ಕಂಪನಿ ಇಂಥ ಬರಹ ಪತ್ತೆಮಾಡುವ ಸಾಧನವನ್ನೇ ಮಾರುತ್ತದೆ, ಆದ್ದರಿಂದ ಅಂಕಿಯನ್ನು ಕೊಂಚ ಜರಡಿ ಹಿಡಿದೇ ತಗೊಳ್ಳಿ. ಅರ್ಧ ಕಳೆದರೂ ಉಳಿದದ್ದು ಸಣ್ಣದಲ್ಲ.

ಹುಡುಗನ ಪರವಾಗಿ ಹೇಳಬೇಕಾದ್ದು ಬಹಳ ಇದೆ, ಅದನ್ನು ಹೇಳದೆ ತೀರ್ಪು ಕೊಡುವುದು ಅನ್ಯಾಯ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆಯದು, ತೇರ್ಗಡೆ ಶೇ 42.43. ಅಂಥ ಶಾಲೆಗಳಿಂದ, ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದೂ ಇಲ್ಲದ ಕ್ಲಾಸುಗಳಿಂದ ಬಂದವನು ಇವನು. ವಾಕ್ಯ ತಪ್ಪಾದರೆ ಇವನ ಕೆಲಸವೇ ತಪ್ಪು ಎಂದು ತಿಳಿಯುವವರು ಎದುರಿಗೆ ಕೂತಿದ್ದಾರೆ. ಲಿಂಕ್ಡ್‌ಇನ್‌ನ ಮುಖ್ಯಸ್ಥರಾಗಿದ್ದ ರಯಾನ್ ರೋಸ್ಲಾನ್ಸ್‌ಕಿ 2025ರ ಜೂನ್‌ನಲ್ಲಿ ಒಂದು ಸಂದರ್ಶನದಲ್ಲಿ ಎರಡು ಮಾತು ಹೇಳಿದರು. ತಮ್ಮ ತಾಣದ ಎಐ ಬರವಣಿಗೆಯ ಸಲಹೆಗಳನ್ನು ನಿರೀಕ್ಷಿಸಿದಷ್ಟು ಜನ ಬಳಸುತ್ತಿಲ್ಲ, ಅಲ್ಲಿ ಬರೆದದ್ದು ಆನ್‌ಲೈನ್ ಬಯೊಡೇಟಾ ಇದ್ದಂತೆ, ಸಿಕ್ಕಿಬಿದ್ದರೆ ಉದ್ಯೋಗಕ್ಕೇ ಪೆಟ್ಟು ಎಂಬುದು ಒಂದು. ತಾವು ಸತ್ಯ ನಾದೆಲ್ಲ ಅವರಿಗೆ ಇ-ಮೇಲ್ ಕಳುಹಿಸುವ ಮೊದಲು ಎಐ ನೆರವು ಪಡೆಯುತ್ತೇವೆ ಎಂಬುದು ಇನ್ನೊಂದು. ಮೇಲಿನವರ ಎದುರು ದಡ್ಡರಾಗಿ ಕಾಣಬಾರದೆಂಬ ಅಂಜಿಕೆ ಅಷ್ಟು ಎತ್ತರದಲ್ಲಿ ಕೂತವರಿಗೂ ಇದೆ ಅಂದಮೇಲೆ ವಾಡಿಯ ಹುಡುಗನಿಗೆ ಇರುವುದು ತಪ್ಪೇನು?

ಇಂಗ್ಲಿಷ್ ತಿದ್ದಿಸಿಕೊಳ್ಳುವುದು ತಪ್ಪಲ್ಲ. ಈ ನೆಲದಲ್ಲಿ ಅದಕ್ಕೆ ಹಳೆಯ ನಿದರ್ಶನವೇ ಇದೆ. ನಿಜಾಮರ ಕೊನೆಯ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡದ ರೈತ ತಹಸೀಲಿಗೆ ಅರ್ಜಿ ಕೊಡಬೇಕಾದರೆ ಉರ್ದು ಬಲ್ಲವರ ಹತ್ತಿರ ಬರೆಸಬೇಕು. ಹೊಲ ರೈತನದು, ಹೊಲದ ದೂರು ರೈತನದು, ಅಕ್ಷರ ಮಾತ್ರ ಇನ್ನೊಬ್ಬನದು. ಒಳ್ಳೆಯ ಬರಹಗಾರನಾದರೆ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸುತ್ತಿದ್ದ. ಕೆಟ್ಟವನಾದರೆ ಓದದೆ ಒತ್ತಿಸುತ್ತಿದ್ದ, ರೈತ ಹೊಲ ಕಳೆದುಕೊಳ್ಳುತ್ತಿದ್ದ. ವಾಡಿಯ ಹುಡುಗ ತನ್ನ ರಾತ್ರಿ ಪಾಳಿಯ ಸಂಗತಿಯನ್ನು ಯಂತ್ರಕ್ಕೆ ಹೇಳಿ, ಅದು ಬರೆದ ಇಂಗ್ಲಿಷನ್ನು ಮತ್ತೆ ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡು, ತಾನು ಹೇಳದ ಒಂದು ಮಾತೂ ಸೇರಿಲ್ಲವೆಂದು ಖಾತ್ರಿಯಾದ ಮೇಲೆ ಹಾಕಿದ್ದರೆ, ಅವನ ಮೇಲೆ ಯಾವ ದೋಷವೂ ಬರುವುದಿಲ್ಲ.

ದೋಷ ಬರುವುದು ಎಲ್ಲಿಂದ? ಅದನ್ನು ತಿಳಿಯಲು ಕಲಬುರಗಿಯದೇ ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಡಬೇಕು. 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ, ಕಲಬುರಗಿ ಮತ್ತು ಯಾದಗಿರಿಯ ಕೇಂದ್ರಗಳಲ್ಲಿ ಕೆಲವರು ಬ್ಲೂಟೂತ್ ಅಡಗಿಸಿಟ್ಟುಕೊಂಡು ಸಿಕ್ಕಿಬಿದ್ದರು. ಹೊರಗಿನಿಂದ ಯಾರೋ ಕಿವಿಯಲ್ಲಿ ಉತ್ತರ ಹೇಳುವುದು, ಒಳಗಿದ್ದವರು ಬರೆಯುವುದು. ಅದಕ್ಕೂ ಮೊದಲು, 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಕಲಬುರಗಿಯ ಕೇಂದ್ರವೊಂದರಲ್ಲಿ ನಡೆದ ಒಎಂಆರ್ ಉತ್ತರಪತ್ರಿಕೆಯ ಅಕ್ರಮ ಬಯಲಿಗೆ ಬಂದದ್ದರಿಂದಲೇ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ರಾತ್ರಿ ಹಗಲು ಓದಿ, ನ್ಯಾಯವಾಗಿ ಬರೆದು ಪಾಸಾದವರ ಎರಡು ವರ್ಷ ನಡುವೆ ಮಣ್ಣುಪಾಲಾಯಿತು. ಕೆಲವರಿಗೆ ವಯಸ್ಸೇ ಮೀರಿತು.

ಬ್ಲೂಟೂತ್‌ನಲ್ಲಿ ಬಂದ ಉತ್ತರಗಳು ಸರಿಯಾಗಿದ್ದವು ಎಂಬುದು ಅಲ್ಲಿ ಸಮರ್ಥನೆಯಾಗಲಿಲ್ಲ, ಆಗಬಾರದು. ಉತ್ತರ ಏನೆಂದು ತಿಳಿಯಲು ಯಾರೂ ಪರೀಕ್ಷೆ ನಡೆಸುವುದಿಲ್ಲ. ಉತ್ತರ ಯಾರಿಗೆ ಗೊತ್ತಿದೆ ಎಂದು ತಿಳಿಯಲು ನಡೆಸುತ್ತಾರೆ. ಉದ್ಯೋಗದ ತಾಣದಲ್ಲಿ ಹಾಕುವ ಬರಹಕ್ಕೂ ಇದೇ ನ್ಯಾಯ. ಬದಲಿ ಇಂಧನದ ಬಗ್ಗೆ ಸರಿಯಾದ ಮಾಹಿತಿ ಬೇಕಾದವರು ಪುಸ್ತಕ ತೆರೆಯುತ್ತಾರೆ. ನಮ್ಮ ಹುಡುಗನ ಪುಟಕ್ಕೆ ಬರುವುದು, ಇವನು ಏನು ಕಂಡಿದ್ದಾನೆ, ಏನು ಮಾಡಿದ್ದಾನೆ, ಹೇಗೆ ಯೋಚಿಸುತ್ತಾನೆ ಎಂದು ತಿಳಿಯಲು. ಅಲ್ಲಿ ಹಾಕಿದ ಮಾತು ಸಾಕ್ಷಿ ಹೇಳಿದಂತೆ. ಸಾಕ್ಷಿ ಕಟ್ಟೆಯಲ್ಲಿ ನಿಂತವನು ಕಾಣದ್ದನ್ನು ಕಂಡೆನೆಂದರೆ, ಹೇಳಿದ ಸಂಗತಿ ನಿಜವೇ ಆಗಿದ್ದರೂ ಅದು ಸುಳ್ಳುಸಾಕ್ಷಿ.

ಎರಡು ಅಪರಾಧಗಳೂ ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಬ್ಲೂಟೂತ್‌ನವನು ಇನ್ನೊಬ್ಬನ ಕುರ್ಚಿ ಕದಿಯುತ್ತಾನೆ, ಅದು ಜೈಲಿಗೆ ಹೋಗುವ ಕೆಲಸ. ಐದು ಪಾಠಗಳ ಪೋಸ್ಟ್ ಹಾಕಿದವನು ಯಾರ ಕುರ್ಚಿಯನ್ನೂ ನೇರವಾಗಿ ಕದ್ದಿಲ್ಲ. ಆದರೆ ಎರಡರ ಪರಿಣಾಮವೂ ಒಂದೇ ಕಡೆ ಹೋಗಿ ನಿಲ್ಲುತ್ತದೆ: ನಿಜವಾಗಿ ಬಲ್ಲವನ ಮಾತನ್ನೂ ಜನ ನಂಬದಂತೆ ಆಗುತ್ತದೆ. ಪಿಎಸ್‌ಐ ಪ್ರಕರಣದ ಮೇಲೆ, ಈ ಜಿಲ್ಲೆಯ ಹುಡುಗ ಒಳ್ಳೆಯ ಅಂಕ ತೆಗೆದರೆ ಅನುಮಾನದಿಂದ ನೋಡುವವರನ್ನು ನಾವು ಕಂಡಿದ್ದೇವೆ. ಆ ಕಳಂಕವನ್ನು ಹೊತ್ತವರು ಕಳ್ಳರಲ್ಲ, ಓದಿದವರು.

ಇನ್ನೊಬ್ಬರಿಂದ ಬರೆಸಿಯೂ ನಂಬಿಕೆ ಉಳಿಸಿಕೊಳ್ಳುವುದು ಹೇಗೆಂದು ತಿಳಿಯಲು ಬೆಂಗಳೂರು, ಅಮೆರಿಕ ಎಂದು ದೂರ ಹೋಗಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಯ ಸನ್ನತಿಗೆ ಹೋದರೆ ಸಾಕು. ಅಲ್ಲಿನ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿದೆ. 1986ರಲ್ಲಿ ಅದರ ಮಾಳಿಗೆ ಕುಸಿದಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನವೆಂದು ಗೊತ್ತಾಯಿತು. ಎರಡು ಸಾವಿರ ವರ್ಷ ಮೀರಿದ ಆ ಕಲ್ಲಿನ ಮೇಲೆ ಅವನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳ ಭಾಗಗಳಿವೆ, ಜೊತೆಗೆ ಅಧಿಕಾರಿಗಳನ್ನು ಉದ್ದೇಶಿಸಿದ ಎರಡು ಪ್ರತ್ಯೇಕ ಶಾಸನಗಳು.   

ಹನ್ನೆರಡನೆಯ ಶಾಸನ ಮಾತಿನ ಹಿಡಿತದ ಕುರಿತಾದುದು. ತನ್ನ ಪಂಥವನ್ನು ಹೊಗಳಿಕೊಳ್ಳುವುದು, ಪರರ ಪಂಥವನ್ನು ಹಳಿಯುವುದು, ಸಂದರ್ಭವಿಲ್ಲದೆ ಇವೆರಡನ್ನೂ ಮಾಡಬಾರದು, ಸಂದರ್ಭವಿದ್ದರೂ ಮಿತವಾಗಿರಬೇಕು ಎಂದು ಚಕ್ರವರ್ತಿ ಅಲ್ಲಿ ಹೇಳುತ್ತಾನೆ. ಅವನು ಹೇಳಿದ್ದು ಧರ್ಮಗಳ ನಡುವಿನ ಮಾತಿಗೆ. ಉದ್ಯೋಗದ ಮಾರುಕಟ್ಟೆಯಲ್ಲಿ ತನ್ನನ್ನು ತಾನು ಹೇಳಿಕೊಳ್ಳದೆ ಗತಿಯಿಲ್ಲ, ಅದು ಬೇರೆ. ಆದರೂ, ಹೇಳಿಕೊಳ್ಳುವುದಕ್ಕೆ ಒಂದು ಸಂದರ್ಭ ಬೇಕು, ಒಂದು ಅಳತೆ ಬೇಕು ಎಂಬ ಬುದ್ಧಿ ಇಲ್ಲಿ ಕಲ್ಲಿನ ಮೇಲಿದೆ. ನಮ್ಮ ಹುಡುಗನ ಮೊದಲ ಬರಹಕ್ಕೆ ಸಂದರ್ಭವಿತ್ತು, ಅದು ತೊಯ್ದ ಕಲ್ಲಿದ್ದಲು. ಅಳತೆಯೂ ಇತ್ತು, ಹೊಗಳಿಕೆ ಹೋದದ್ದು ಹಿರಿಯ ಬರ್ನರ್‌ಗೆ.

ನನಗೆ ಇನ್ನೂ ಬೆಲೆಯುಳ್ಳದ್ದೆಂದು ತೋರುವುದು ಹದಿನಾಲ್ಕನೆಯದು. ಶಾಸನಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ, ಕೆಲವು ಅಪೂರ್ಣವೂ ಇರಬಹುದು, ಅದಕ್ಕೆ ಸ್ಥಳ ಕಾರಣವಿರಬಹುದು ಅಥವಾ ಲಿಪಿಕಾರನ ತಪ್ಪಿರಬಹುದು ಎಂದು ಆ ಶಾಸನ ಹೇಳುತ್ತದೆ. ಯೋಚಿಸಿ ನೋಡಿ. ಅಷ್ಟು ದೊಡ್ಡ ರಾಜ್ಯದ ಒಡೆಯ, ತನ್ನ ಮಾತನ್ನು ಬರೆದದ್ದು ಇನ್ನೊಬ್ಬನ ಕೈ ಎಂಬುದನ್ನು ಮುಚ್ಚಿಡಲಿಲ್ಲ. ನಮ್ಮದೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿ, ತಾನು ಬರೆದೆನೆಂಬುದನ್ನು ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ ಮುಗಿಸಿದ್ದಾನೆ. ಆಡಿದವನು ರಾಜ, ಬರೆದವನು ಚಪಡ. ಓದುವವನಿಗೆ ಎರಡೂ ಗೊತ್ತು. ಬರೆದುಕೊಟ್ಟ ಕೈಯನ್ನು ಒಪ್ಪಿಕೊಂಡದ್ದರಿಂದ ಅಶೋಕನ ಮಾತಿನ ತೂಕ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡದಲ್ಲೂ ಇದೇ ಪಾಠ ಇನ್ನೊಂದು ರೂಪದಲ್ಲಿದೆ. ರಾಷ್ಟ್ರಕೂಟರ ಮಾನ್ಯಖೇಟ ಅದು. ಅಲ್ಲಿ ಕ್ರಿ.ಶ. 850ರ ಹೊತ್ತಿಗೆ ಹುಟ್ಟಿದ 'ಕವಿರಾಜಮಾರ್ಗ'ವನ್ನು 1898ರಲ್ಲಿ ಅಚ್ಚು ಹಾಕಿಸಿದ ಕೆ.ಬಿ. ಪಾಠಕರು ಅದನ್ನು ದೊರೆ ನೃಪತುಂಗನ ಕೃತಿಯೆಂದೇ ಕಂಡರು. ಮುಂದೆ ವಿದ್ವಾಂಸರು ವಾದ ಮಾಡಿ ಮಾಡಿ, ಬರೆದವನು ಶ್ರೀವಿಜಯ, ದೊರೆ ಅದಕ್ಕೆ ಸಮ್ಮತಿ ಕೊಟ್ಟವನು ಎಂಬಲ್ಲಿಗೆ ಬಂದು ನಿಂತರು. ಅದನ್ನು ತೀರ್ಮಾನಿಸಲು ಬೇಕಾದ ಆಧಾರ ಕೃತಿಯೊಳಗೇ ಇತ್ತು. ಒಪ್ಪಿದವನ ಹೆಸರೂ ಇತ್ತು, ಕವಿಯ ಹೆಸರೂ ಇತ್ತು. ಸಾವಿರ ವರ್ಷದ ಮೇಲೂ ಯಾರದು ಯಾವುದು ಎಂದು ಬಿಡಿಸಿ ನೋಡಬಹುದಾಗಿತ್ತು. ಇಂದು ಹಾಕಿದ ಪೋಸ್ಟನ್ನು ನಾಳೆ ಬೆಳಿಗ್ಗೆ ಹಾಗೆ ಬಿಡಿಸಿ ನೋಡಲಾಗುವುದಿಲ್ಲ.

ಹೆಸರು ನಮ್ಮದಾಗಿ ಮಾತು ನಮ್ಮದಲ್ಲದಿದ್ದರೆ ಎಂಥ ಅನರ್ಥ ಆಗಬಹುದೆಂದು ಇಡೀ ಕರ್ನಾಟಕ 2025ರ ಜುಲೈನಲ್ಲಿ ಕಂಡಿತು. ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕನ್ನಡದ ಸಂತಾಪವನ್ನು ಫೇಸ್‌ಬುಕ್‌ನ ಯಂತ್ರಾನುವಾದ ಮುಖ್ಯಮಂತ್ರಿಯೇ ತೀರಿಕೊಂಡರೆಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿತು. ಮುಖ್ಯಮಂತ್ರಿಯ ಕಡೆಯಿಂದ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇನ್ನೂ ಗಂಭೀರವಾದ ಸಂಗತಿಯೊಂದನ್ನು ಎದುರಿಸಿತ್ತು. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶ, ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳನ್ನು ಆಧಾರವೆಂದು ಹೆಸರಿಸಿತ್ತು. ಅವು ಎಲ್ಲಿಂದ ಬಂದವೆಂಬುದು ಏನೇ ಇರಲಿ, ಹೈಕೋರ್ಟ್ ಉತ್ತರ ಕೇಳಲು ಹೊರಟದ್ದು ಆದೇಶಕ್ಕೆ ಸಹಿ ಹಾಕಿದವರ ಕಡೆಯಿಂದ. ಅದೇ ಸರಿಯಾದ ಕ್ರಮ.

ಸಾವಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. ನಮ್ಮ ಹುಡುಗನ ಬರಹದ ಹಿರಿಯ ಬರ್ನರ್‌ನಂಥವರು ತೀರಿಕೊಂಡಾಗ, ಕಾರ್ಖಾನೆಯ ಗೆಳೆಯರ ಗುಂಪಿನಲ್ಲಿ ಒಂದೇ ಅಚ್ಚಿನಲ್ಲಿ ಒತ್ತಿದ ಇಂಗ್ಲಿಷ್ ಸಂತಾಪಗಳು ಸಾಲಾಗಿ ಬಂದು ಬೀಳುತ್ತವೆ. ಅವರ ಮಾರ್ಗದರ್ಶನ ಅನುಪಮ, ಅವರ ಪರಂಪರೆ ಅಮರ ಎಂಬಂಥವು. ತಾಣವೇ ಸೂಚಿಸಿದ ಸಾಲನ್ನು ಒತ್ತಿದರೆ ಆಯಿತು. ಗುಂಡನ್ನು ಒಡೆದು ಬಣ್ಣ ನೋಡುವುದನ್ನು ಅವರಿಂದ ಕಲಿತೆ ಎಂದು ಯಾರೂ ಬರೆಯುವುದಿಲ್ಲ, ಮಳೆಗಾಲದ ರಾತ್ರಿ ಮೂರು ಗಂಟೆಗೆ ತಮ್ಮ ಬುತ್ತಿಯ ಜೋಳದ ರೊಟ್ಟಿ, ಹಿಂಡಿ ಹಂಚಿದರು ಎಂದು ಯಾರೂ ಬರೆಯುವುದಿಲ್ಲ. ಹೀಗೆ ಒಬ್ಬ ಮನುಷ್ಯನ ಜೊತೆ ಅವನ ವಿದ್ಯೆಯೂ ಮಣ್ಣಾಗುತ್ತದೆ. ಆ ವಿದ್ಯೆ ಯಾವ ಯಂತ್ರದ ಹೊಟ್ಟೆಯಲ್ಲೂ ಇಲ್ಲ, ಏಕೆಂದರೆ ಅದನ್ನು ಯಾರೂ ಬರೆದಿರಲಿಲ್ಲ. ಬರೆಯಲು ಹೊರಟವನಿಗೆ ನಾವು ನಗುವ ಮುಖ ಹಾಕಿದೆವು.

ಹಾಗಾಗಿ ಈ ಪ್ರಕರಣದಲ್ಲಿ ಹುಡುಗನ ತಪ್ಪಿಗಿಂತ ದೊಡ್ಡ ತಪ್ಪು ಓದುವ ಕುರ್ಚಿಯಲ್ಲಿ ಕೂತವರದೆಂದು ನನ್ನ ಅಭಿಪ್ರಾಯ. ಕೆಲಸ ಕೊಡುವವರು ತಮ್ಮ ಜಾಹೀರಾತನ್ನು ಯಂತ್ರದಿಂದ ಬರೆಸುತ್ತಾರೆ, ಬಂದ ಅರ್ಜಿಗಳನ್ನು ಯಂತ್ರದಿಂದ ಜರಡಿ ಹಿಡಿಸುತ್ತಾರೆ, ಆಮೇಲೆ ಅರ್ಜಿದಾರ ಯಂತ್ರದಿಂದ ಬರೆಸಿದನೆಂದು ದೂರುತ್ತಾರೆ. ತಪ್ಪಿಲ್ಲದ ಇಂಗ್ಲಿಷನ್ನೇ ಯೋಗ್ಯತೆಯ ಗುರುತೆಂದು ವರ್ಷಗಟ್ಟಲೆ ಬೋಧಿಸಿದವರು ಅವರು. ಇಂದು ಅದು ಬಿಟ್ಟಿ ಸಿಗುತ್ತದೆ, ಆದ್ದರಿಂದ ಅದರಿಂದ ಯಾರ ಯೋಗ್ಯತೆಯೂ ತಿಳಿಯುವುದಿಲ್ಲ. ಈಗಲಾದರೂ ವಿಷಯವನ್ನು ಓದಲಿ.

ಓದದೆ ಹೋದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅರ್ಧಕ್ಕರ್ಧ ಬರಹ ಯಾರದೋ ಎಂದು ಗೊತ್ತಾದ ಮೇಲೆ ಮ್ಯಾನೇಜರು ಆ ತಾಣವನ್ನು ನಂಬುವುದನ್ನೇ ಬಿಡುತ್ತಾನೆ. ಬಿಟ್ಟು, ಫೋನ್ ಎತ್ತಿ ತನಗೆ ಗೊತ್ತಿದ್ದವರನ್ನು ಕೇಳುತ್ತಾನೆ, 'ನಿಮ್ಮ ಕಡಿ ಯಾರಾದರೂ ಛಲೋ ಹುಡುಗ ಅದಾನೇನು?' ಕೆಲಸ ಮತ್ತೆ ಮಾವನ ಬಾಯಿಗೆ, ಜಾತಿಯ ಬಳಗಕ್ಕೆ, ಗುತ್ತಿಗೆದಾರನ ಮರ್ಜಿಗೆ ಹೋಗುತ್ತದೆ. ಮಾವ ಇದ್ದವನಿಗೆ ಇದರಿಂದ ಏನೂ ನಷ್ಟವಿಲ್ಲ. ಕಿಟಕಿ ಮುಚ್ಚಿದರೆ ಕತ್ತಲಾಗುವುದು ಮಾವ ಇಲ್ಲದವನ ಮನೆಯಲ್ಲಿ. ನೂರಾರು ಮೆಚ್ಚುಗೆಗಾಗಿ ಐದು ಪಾಠಗಳನ್ನು ಹಾಕುವಾಗ ನಮ್ಮ ಹುಡುಗ ಮುಚ್ಚುತ್ತಿದ್ದದ್ದು ಅದೇ ಕಿಟಕಿಯನ್ನು. ಅವನಿಗೆ ಅದು ಗೊತ್ತಿರಲಿಲ್ಲ. ಈಗ ಗೊತ್ತಾಗಲಿ ಎಂದು ಇಷ್ಟು ಬರೆದಿದ್ದೇನೆ.

ಸೇಡಂನಿಂದ ಶಹಾಬಾದ್‌ವರೆಗಿನ ಲ್ಯಾಬುಗಳಲ್ಲಿ, ಗಣಿಗಳಲ್ಲಿ, ಬೇಳೆ ಮಿಲ್ಲುಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ನನ್ನದೊಂದು ಬೇಡಿಕೆ. ಹಾಕುವ ಮೊದಲು ನಿಮ್ಮ ಬರಹವನ್ನು ಚಹಾ ಅಂಗಡಿಯಲ್ಲಿ ನಿಮ್ಮ ಪಾಳಿಯ ಗೆಳೆಯನಿಗೆ ಕನ್ನಡದಲ್ಲಿ ಹೇಳಿ ನೋಡಿ. 'ಇದು ಯಾವಾಗ ಆಗಿತ್ತಪಾ?' ಎಂದು ಅವನು ಕೇಳಿದರೆ ಹೇಳಲು ಒಂದು ದಿನ, ಒಂದು ಜಾಗ ನಿಮ್ಮ ಹತ್ತಿರ ಇರಲಿ. ಇಂಗ್ಲಿಷನ್ನು ಯಂತ್ರದಿಂದ ತಿದ್ದಿಸಿದ್ದರೆ ಹಾಗೆಂದು ಕೊನೆಗೆ ಒಂದು ಸಾಲು ಹಾಕಿ, ಅದರಿಂದ ಮಾನ ಹೋಗುವುದಿಲ್ಲ. ತಿದ್ದಿಸಲು ಮನಸ್ಸಿಲ್ಲದಿದ್ದರೆ ಕನ್ನಡದಲ್ಲೇ ಬರೆಯಿರಿ. 2024ರಲ್ಲಿ ಲಿಂಕ್ಡ್‌ಇನ್ ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳನ್ನು ತನ್ನ ಪುಟಗಳ ಭಾಷೆಗಳಾಗಿ ಸೇರಿಸಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದರೆ ಪೋಸ್ಟ್ ಬರೆಯುವ ಜಾಗದಲ್ಲಿ ಕನ್ನಡ ಅಕ್ಷರ ಟೈಪ್ ಮಾಡಿದರೆ ಅದು ಕನ್ನಡದಲ್ಲೇ ಮೂಡುತ್ತದೆ, ಓದಬೇಕಾದವರು ಓದುತ್ತಾರೆ.